ಬಾತಿಗೂ ಟರ್ಕಿಗೂ ಒಂದೇ ಕೋವಿ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೇಟೆಯ ಹುಚ್ಚಿರುವವರ ಮನೆಗೆ ಹೋದರೆ ಕಬ್ಬಿಣದ ಬೀರುವಿನಲ್ಲಿ ಕೋವಿಗಳು ಸಾಲಾಗಿ ನಿಂತಿರುತ್ತವೆ. ಜಿಂಕೆಗೊಂದು, ಬಾತಿಗೊಂದು, ಟರ್ಕಿ ಕೋಳಿಗೊಂದು, ಅಭ್ಯಾಸಕ್ಕೆ ಗಾಳಿಗೆ ಎಸೆಯುವ ಕ್ಲೇ ತಟ್ಟೆ ಹೊಡೆಯೋಕೆ ಮತ್ತೊಂದು. ನನಗೆ ಅಷ್ಟಕ್ಕೆ ದುಡ್ಡೂ ಇಲ್ಲ, ಮನೆಯಲ್ಲಿ ಜಾಗವೂ ಇಲ್ಲ. "ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಂದು ಅಂದ್ರೆ ಒಂದೇ ರೀ" ಅಂತ ಹೆಂಡತಿ ಮೊದಲೇ ಗೆರೆ ಎಳೆದಿದ್ದಳು. ಹಾಗಾಗಿ ಅಕ್ಟೋಬರಿನ ಬಾತಿಗೂ ಏಪ್ರಿಲಿನ ಟರ್ಕಿಗೂ ಆಗುವ ಒಂದೇ ಒಂದು ಸೆಮಿ ಆಟೊಮ್ಯಾಟಿಕ್ (ಹೊಡೆದ ಕೂಡಲೇ ಮುಂದಿನ ತೋಟೆ ತಾನೇ ತುಂಬಿಕೊಳ್ಳುವ) ಶಾಟ್‌ಗನ್ ಹುಡುಕಬೇಕಾಯಿತು.

ಹೇಳೋಕೆ ಸುಲಭ. ಆದರೆ ಇವೆರಡೂ ಪೂರ್ತಿ ಬೇರೆ ಬೇರೆ ಕೆಲಸ. ಬಾತಿನ ಬೇಟೆಯಲ್ಲಿ ಕೋವಿ ನಿಲ್ಲುವ ಹಾಗಿಲ್ಲ. ಹಕ್ಕಿ ಗಾಳಿಯ ಜೊತೆ ಬರುತ್ತದೆ. ನಾವು ಎದ್ದು, ಕೋವಿ ಭುಜಕ್ಕೆ ಕೊಟ್ಟು, ಹಕ್ಕಿಯ ಬಾಲದಿಂದ ಶುರುಮಾಡಿ ಕೊಕ್ಕು ದಾಟುವ ತನಕ ಬೀಸಿ, ಬೀಸುತ್ತಿರುವಾಗಲೇ ಹೊಡೆಯಬೇಕು. ಕೈ ನಿಂತರೆ ಚರೆಯೆಲ್ಲ ಹಿಂದೆ ಹೋಗುತ್ತದೆ. ಚರೆ ಒಂದಿಷ್ಟು ಹರಡಿಕೊಂಡು ಹೋದರೇ ಒಳ್ಳೆಯದು. ಟರ್ಕಿಗೆ ಇದೆಲ್ಲ ಉಲ್ಟಾ. ಮರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಮೊಣಕಾಲಿನ ಮೇಲೆ ಕೋವಿ ಇಟ್ಟುಕೊಂಡು, ಕಲ್ಲಿನ ಹಾಗೆ ಇರಬೇಕು. ಹುಂಜ ನಡೆದುಕೊಂಡು ಹತ್ತಿರ ಬರುತ್ತದೆ. ಹೊಡೆಯುವುದು ತಲೆ ಮತ್ತು ಕತ್ತಿಗೆ ಮಾತ್ರ, ಒಂದೇ ಈಡು. ಅಲ್ಲಿ ಚರೆ ಮುಷ್ಟಿಯಷ್ಟು ಬಿಗಿಯಾಗಿ ಹೋಗಬೇಕು. ಒಂದಕ್ಕೆ ಉದ್ದ ನಳಿಗೆ, ಇನ್ನೊಂದಕ್ಕೆ ಗಿಡ್ಡ. ಒಂದಕ್ಕೆ ನಳಿಗೆಯ ಬಾಯಲ್ಲಿ ಸಡಿಲ ಚೋಕ್ ಕೊಳವೆ, ಇನ್ನೊಂದಕ್ಕೆ ಬಿಗಿ. ಒಂದರಲ್ಲಿ ಗುರಿ ಕಟ್ಟಿದರೆ ಕೆಟ್ಟಿತು, ಇನ್ನೊಂದರಲ್ಲಿ ಕಟ್ಟದಿದ್ದರೆ ಕೆಟ್ಟಿತು.

ಕೋವಿ ನನಗೆ ಹೊಸದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪನ ಒಂಟಿನಳಿಗೆ ತೋಟೆ ಕೋವಿ ಇವತ್ತಿಗೂ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಅಡಿಕೆ ತೋಟಕ್ಕೆ ಮಂಗ ಬಂದಾಗ, ಗದ್ದೆಗೆ ಹಂದಿ ನುಗ್ಗಿದಾಗ ಆಕಾಶಕ್ಕೊಂದು ಈಡು ಹೊಡೆಯುವುದು, ಚುನಾವಣೆ ಬಂತು ಅಂದರೆ ಠಾಣೆಗೆ ಒಯ್ದು ಡೆಪಾಸಿಟ್ ಮಾಡುವುದು, ಮುಗಿದಮೇಲೆ ತರುವುದು. ಅದರ ಆಯಸ್ಸೆಲ್ಲ ಹೀಗೇ ಕಳೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಊರಲ್ಲಿ ಶಿಕಾರಿ ಅಪರಾಧ. ಹಳಬರ ಬಾಯಲ್ಲಿ ಕಥೆ ಕೇಳಿದ್ದೇ ಹೊರತು ನಾನು ಹಕ್ಕಿಗೆ ಗುರಿ ಇಟ್ಟವನಲ್ಲ. ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ, ಪಕ್ಕದ ಹೊಲದ ಮುದುಕರೊಬ್ಬರು ಹಾರಿಕಾನ್ ಜೌಗಿಗೆ ಕರೆದುಕೊಂಡು ಹೋದರು. ಹಿಂದೆ ಹಾಲಿನ ಡೇರಿ ನಡೆಸುತ್ತಿದ್ದವರು. ಆಪಿನ ಹುಲ್ಲು ತುಂಬಿದ ಆ ಜೌಗು ಸುಮಾರು 33,000 ಎಕರೆ ಇದೆ. ಚಳಿಗಾಲಕ್ಕೆ ಮೊದಲು ಕೆನಡಾ ಹೆಬ್ಬಾತುಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಅವತ್ತು ನಾನು ಹೊಡೆಯಲಿಲ್ಲ, ಸುಮ್ನೆ ನೋಡಿದೆ. ಹುಚ್ಚು ಹಿಡಿಯೋಕೆ ಅಷ್ಟು ಸಾಕಾಯಿತು.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕನ್ನಡದ ಸ್ನೇಹಿತರು ಮೊದಲು ಕೇಳುವುದು ಇದನ್ನೇ. ಗ್ರೀನ್ ಕಾರ್ಡ್ ಇದ್ದರೆ ಕೋವಿ ಕೊಳ್ಳಬಹುದು. ಎಚ್-1ಬಿ ಥರದ ವೀಸಾದಲ್ಲಿರುವವರಿಗೆ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷೇಧ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಂಡು ಹೊರಡುವ ಮುಂಚೆ ವಕೀಲರನ್ನು ಕೇಳಿ. ವೀಸಾ ಕಳೆದುಕೊಳ್ಳುವಷ್ಟು ದೊಡ್ಡ ವಿಷಯವಲ್ಲ ಬಾತು. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಪಾಸಾಗಬೇಕು. ನಮ್ಮ ತರಗತಿಯಲ್ಲಿ ಹನ್ನೆರಡು ವರ್ಷದ ಮಕ್ಕಳ ಮಧ್ಯೆ ನಾನೊಬ್ಬ ನರೆಗೂದಲಿನವ. ಯಾವ ಕೋವಿಯನ್ನೂ ಈಡು ತುಂಬಿದ್ದು ಅಂತಲೇ ತಿಳಿ, ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗೇ ಇರಲಿ, ಗುರಿಯೂ ಅದರ ಆಚೆ ಏನಿದೆಯೆಂಬುದೂ ಖಚಿತವಾಗಲಿ, ಹೊಡೆಯುವ ತನಕ ಬೆರಳು ಟ್ರಿಗರಿನ ಹೊರಗಿರಲಿ. ಈ ನಾಲ್ಕನ್ನು ಅಲ್ಲಿ ಮಗ್ಗಿ ಥರ ಹೇಳಿಸುತ್ತಾರೆ. ಮಕ್ಕಳು ನನಗಿಂತ ಚೆನ್ನಾಗಿ ಒಪ್ಪಿಸಿದರು.

ಇನ್ನು ಕೋವಿ. ಆಯ್ಕೆ ಶುರುಮಾಡಿದಾಗ ಎಲ್ಲರೂ ಮೊದಲು ಕೇಳಿದ ಪ್ರಶ್ನೆ ಒಂದೇ: "ಗ್ಯಾಸಾ, ಇನರ್ಷಿಯಾನಾ?" ಇಲ್ಲಿನ ಬೇಟೆಗಾರರು ಈ ವಿಷಯದಲ್ಲಿ ಎರಡು ಪಂಗಡ. ಊಟದ ಮೇಜಿನಲ್ಲಿ ಎತ್ತಿದರೆ ಊಟ ತಣ್ಣಗಾಗುವ ತನಕ ಮುಗಿಯುವುದಿಲ್ಲ.

ಗ್ಯಾಸ್ ಕೋವಿಯ ನಳಿಗೆಯಲ್ಲಿ ಸಣ್ಣ ತೂತುಗಳಿರುತ್ತವೆ. ತೋಟೆ ಸಿಡಿದಾಗ ಹುಟ್ಟುವ ಬಿಸಿ ಅನಿಲದಲ್ಲಿ ಒಂಚೂರು ಆ ತೂತಿನಿಂದ ಇಳಿದು ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು, ಅಂದರೆ ತೋಟೆಯ ಹಿಂದೆ ನಳಿಗೆ ಮುಚ್ಚುವ ಭಾಗವನ್ನು, ಹಿಂದಕ್ಕೆ ದೂಡುತ್ತದೆ. ಖಾಲಿ ತೋಟೆ ಹೊರಗೆ ಹಾರಿ, ನಳಿಗೆಯ ಕೆಳಗೆ ತೋಟೆ ತುಂಬಿಡುವ ಮ್ಯಾಗಜಿನ್‌ನಿಂದ ಹೊಸದು ಮೇಲೆ ಬರುತ್ತದೆ. ಒದೆತ ಒಂದೇ ಏಟಿಗೆ ಬರದೆ ಸ್ವಲ್ಪ ಹೊತ್ತಿಗೆ ಹಂಚಿಕೊಂಡು ಬರುವುದರಿಂದ ಭುಜಕ್ಕೆ ಮೆತ್ತಗೆ. ಆದರೆ ಮದ್ದಿನ ಮಸಿಯೂ ಅದೇ ದಾರಿಯಲ್ಲಿ ಇಳಿದು ಪಿಸ್ಟನ್ನಿಗೆ ಮೆತ್ತಿಕೊಳ್ಳುತ್ತದೆ. ಬಿಚ್ಚಿ ಉಜ್ಜಬೇಕು. ರೆಮಿಂಗ್ಟನ್ 1100 ಅನ್ನೋದು 1963ರಲ್ಲಿ ಬಂದಮೇಲೆ ಗ್ಯಾಸ್ ಕೋವಿ ಇಲ್ಲಿ ಮನೆಮಾತಾಯಿತು. ಬೆರೆಟ್ಟಾದ ಎ300, ಎ400, ಬ್ರೌನಿಂಗ್‌ನ ಮ್ಯಾಕ್ಸಸ್, ಮಾಸ್‌ಬರ್ಗ್ 940 ಎಲ್ಲ ಇದೇ ಜಾತಿ.

ಇನರ್ಷಿಯಾ ಕೋವಿಯಲ್ಲಿ ಅನಿಲದ ಕೆಲಸವೇ ಇಲ್ಲ. ಬೋಲ್ಟಿನ ಒಳಗೆ ಗಟ್ಟಿ ಸ್ಪ್ರಿಂಗ್ ಒಂದಿರುತ್ತದೆ. ಹೊಡೆದ ತಕ್ಷಣ ಕೋವಿ ಹಿಂದಕ್ಕೆ ಬರುತ್ತದೆ, ಬೋಲ್ಟಿನ ಭಾರದ ಭಾಗ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಗವರ್ನಮೆಂಟ್ ಬಸ್ ಗಕ್ಕನೆ ಹೊರಟಾಗ ನಿಂತವರು ಹಿಂದಿನವರ ಮೈಮೇಲೆ ಬೀಳುವುದಿಲ್ಲವಾ, ಅದೇ ಲೆಕ್ಕ. ಆಗ ಆ ಸ್ಪ್ರಿಂಗ್ ಅದುಮಿಕೊಂಡು, ಮರುಕ್ಷಣ ಬಿಚ್ಚಿ, ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಬಿಡಿಭಾಗ ಕಡಿಮೆ, ಮಸಿ ಕಡಿಮೆ, ತೂಕ ಕಡಿಮೆ. ಇಟಲಿಯ ಉರ್ಬಿನೊದ ಬೆನೆಲ್ಲಿ ಕಂಪನಿ ಹೆಸರು ಮಾಡಿದ್ದೇ ಇದರಿಂದ. ಫ್ರಾಂಕಿ ಅಫಿನಿಟಿ, ಸ್ಟೋಗರ್ ಎಂ3000 ಕೂಡ ಇದೇ ತತ್ವದವು. ತಮಾಷೆ ಅಂದರೆ ಬೆನೆಲ್ಲಿ, ಫ್ರಾಂಕಿ, ಸ್ಟೋಗರ್ ಮೂರೂ ಬೆರೆಟ್ಟಾ ಮನೆತನದ ಒಡೆತನದಲ್ಲೇ ಇವೆ. ಯಾವ ಪಂಗಡ ಗೆದ್ದರೂ ದುಡ್ಡು ಹೆಚ್ಚುಕಡಿಮೆ ಒಂದೇ ಜೇಬಿಗೆ.

ಇನರ್ಷಿಯಾದಲ್ಲಿ ಎರಡು ತೊಂದರೆ ಇವೆ. ಒಂದು ಒದೆತ. ಹಗುರ ಕೋವಿ, ಮೆತ್ತಗೆ ಮಾಡುವ ಅನಿಲ ವ್ಯವಸ್ಥೆ ಇಲ್ಲ. ದೊಡ್ಡ ತೋಟೆ ಹಾಕಿದರೆ ಒದೆತ ಪೂರ್ತಿ ನಮ್ಮದೇ. ಎರಡನೆಯದು, ಬೋಲ್ಟನ್ನು ಸದ್ದಾಗಬಾರದು ಅಂತ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟರೆ, ಇಲ್ಲ ಕೋವಿಯ ಹಿಂಬದಿ ದೋಣಿಗೆ ಬಡಿದರೆ, ಬೋಲ್ಟಿನ ತಲೆ ಪೂರ್ತಿ ತಿರುಗಿ ಕೂರದೆ ಉಳಿಯಬಹುದು. ಟ್ರಿಗರ್ ಎಳೆದರೆ "ಕ್ಲಿಕ್" ಅನ್ನುತ್ತದೆ ಅಷ್ಟೇ, ಸಿಡಿಯುವುದಿಲ್ಲ. ಹೊಸ ಮಾದರಿಗಳಲ್ಲಿ ಇದಕ್ಕೆ ಪರಿಹಾರ ಮಾಡಿದ್ದಾರೆ. ನನ್ನ ಜೊತೆ ಬಂದಿದ್ದ ಒಬ್ಬರ ಹಳೆಯ ಕೋವಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹೆಬ್ಬಾತುಗಳು ರೆಕ್ಕೆ ಬಿಚ್ಚಿ, ಕಾಲು ಇಳಿಬಿಟ್ಟು, ತಲೆಯ ಮೇಲೆ ಇಳಿಯುತ್ತಿವೆ. ಇವರು ಎದ್ದು ನಿಂತು ಕ್ಲಿಕ್. ಆಮೇಲೆ ಅವರ ಬಾಯಿಂದ ಬಂದ ಮಾತು ಬರೆಯೋ ಹಾಗಿಲ್ಲ.

ಮುದುಕರ ಮನೆಯ ಗೋಡೆಯಲ್ಲಿ ಮೂರನೇ ಜಾತಿಯದೂ ಒಂದಿತ್ತು. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಆಟೊ-5, ಬೆನ್ನು ಗೂನಾದದ್ದು. ಅದರಲ್ಲಿ ಹೊಡೆದಾಗ ಇಡೀ ನಳಿಗೆಯೇ ಬೋಲ್ಟಿನ ಜೊತೆ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋಗುತ್ತದೆ. ಅವರ ತಂದೆಯದಂತೆ. "ಇದನ್ನು ಕೊಡಲ್ಲ, ಆದರೆ ಹೊಡೆದು ನೋಡು" ಅಂದರು. ಕೈಯಲ್ಲಿ ಏನೋ ಜೀವಂತ ಪ್ರಾಣಿ ಮಿಸುಕಾಡಿದ ಹಾಗಾಯಿತು.

ಎರಡನೇ ಜಗಳ ತೋಟೆ ಕೂರುವ ಚೇಂಬರಿನ ಉದ್ದದ್ದು. 12 ಬೋರ್ ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ನಳಿಗೆಯ ಅಗಲದ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್, ಅದು 12 ಬೋರ್. ಊರಿನ ಕೋವಿಯೂ ಅದೇ. ತೋಟೆ ಎಷ್ಟು ಉದ್ದದ್ದು ಹಿಡಿಸಬೇಕು ಅನ್ನುವಲ್ಲಿ ತಕರಾರು: 3 ಇಂಚಾ, ಮೂರೂವರೆ ಇಂಚಾ? ಇದಕ್ಕೊಂದು ಹಿನ್ನೆಲೆ ಇದೆ. ಮೊದಲೆಲ್ಲ ಬಾತಿಗೂ ಸೀಸದ ಚರೆಯೇ. ಹೊಡೆದ ಚರೆ ಕೆರೆಯ ತಳದಲ್ಲಿ ಉಳಿದು, ಬಾತುಗಳು ಅದನ್ನು ಹರಳೆಂದು ನುಂಗಿ, ವಿಷವೇರಿ ಸಾಯುತ್ತಿದ್ದವು. ಅವನ್ನು ತಿಂದ ಬೋಳುತಲೆ ಹದ್ದುಗಳೂ ಸಾಯುತ್ತಿದ್ದವು. 1991ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸ ನಿಷೇಧವಾಯಿತು. ಬದಲಿಗೆ ಉಕ್ಕು ಬಂತು. ಉಕ್ಕಿನ ಸಾಂದ್ರತೆ 7.8, ಸೀಸದ್ದು 11.3. ಹಗುರ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ, ಅದಕ್ಕೆ ಸೀಸಕ್ಕಿಂತ ಎರಡು ನಂಬರ್ ದಪ್ಪದ ಚರೆ ಬೇಕು (ನಂಬರ್ ಚಿಕ್ಕದಾದಷ್ಟೂ ಚರೆ ದಪ್ಪ). ದಪ್ಪ ಚರೆಗೆ ಜಾಗ ಜಾಸ್ತಿ ಬೇಕು. ಆ ಗಡಿಬಿಡಿಯಲ್ಲೇ ಮೂರೂವರೆ ಇಂಚಿನ ತೋಟೆ ಹುಟ್ಟಿದ್ದು. 1988ರಲ್ಲಿ ಮಾಸ್‌ಬರ್ಗ್ 835 ಪಂಪ್ ಕೋವಿಯ (ಕೈಯಿಂದ ಹಿಂದೆ ಮುಂದೆ ಎಳೆದು ತುಂಬುವಂಥದ್ದು) ಜೊತೆ ಬಂತು. 1991ರಲ್ಲಿ ಬೆನೆಲ್ಲಿ ಸೂಪರ್ ಬ್ಲ್ಯಾಕ್ ಈಗಲ್ ಅದನ್ನು ಹೊಡೆಯಬಲ್ಲ ಮೊದಲ ಸೆಮಿ ಆಟೊ ಆಯಿತು.

ಆವತ್ತಿಗೆ ಅದು ಸರಿ. ಇವತ್ತಿನ 3 ಇಂಚಿನ ಉಕ್ಕಿನ ತೋಟೆ ಸೆಕೆಂಡಿಗೆ 1,450 ಅಡಿ ವೇಗದಲ್ಲಿ ಹೋಗುತ್ತದೆ. ಇನ್ನೂ ಬೇಕು ಅಂದರೆ ಉಕ್ಕಿಗಿಂತ ಭಾರದ ಬಿಸ್ಮತ್ ಇದೆ, ಟಂಗ್‌ಸ್ಟನ್ ಇದೆ. ಮೂರೂವರೆ ಇಂಚಿನ ಕೋವಿಗೆ ಸಾಮಾನ್ಯವಾಗಿ ಬೆಲೆ ಜಾಸ್ತಿ, ತೋಟೆ ದುಬಾರಿ, ಒದೆತ ಕೇಳುವುದೇ ಬೇಡ. ಅಷ್ಟು ಉದ್ದದ ಚೇಂಬರಿನ ಕೆಲವು ಕೋವಿಗಳು ಕ್ಲೇ ಅಭ್ಯಾಸಕ್ಕೆ ಅಗ್ಗದ ಹಗುರ ತೋಟೆ ಹಾಕಿದರೆ ಮುಂದಿನದನ್ನು ಸರಿಯಾಗಿ ತುಂಬಿಕೊಳ್ಳುವುದೂ ಇಲ್ಲ. ಬೇಸಿಗೆಯಲ್ಲಿ ಕ್ಲೇ ಹೊಡೆದು ಕೈ ಪಳಗಿಸಿಕೊಳ್ಳದವನಿಗೆ ಅಕ್ಟೋಬರಿನಲ್ಲಿ ಎಷ್ಟು ಇಂಚಿದ್ದರೇನು? ನಾನು 3 ಇಂಚಿಗೆ ನಿಂತೆ.

ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. ಅವರಿಗೆ ಆಸಕ್ತಿ ಇದ್ದದ್ದು ಒಂದೇ ವಿಷಯದಲ್ಲಿ.

"ಒಂದ್ಸಲ ತುಂಬಿದ್ರೆ ಎಷ್ಟು ಈಡು ಹೋಗತ್ತೋ?"

"ಹಕ್ಕಿಗೆ ಮೂರೇ ಅಪ್ಪ."

"ಐದು ಹಿಡಿಸತ್ತೆ ಅಂದ್ಯಲ್ಲ ಮಾರಾಯ?"

"ಹಿಡಿಸತ್ತೆ. ಆದ್ರೆ ಮ್ಯಾಗಜಿನ್‌ನಲ್ಲಿ ಒಂದು ಕಡ್ಡಿ ತೂರಿಸಿ ಇಡ್ಬೇಕು. ಚೇಂಬರಲ್ಲಿ ಒಂದು, ಕೆಳಗೆ ಎರಡು. ವಲಸೆ ಹಕ್ಕಿಗೆ ಅದಕ್ಕಿಂತ ಜಾಸ್ತಿ ತುಂಬೋ ಹಾಗಿಲ್ಲ, ಕಾನೂನು."

"ಯಾರು ನೋಡ್ತಾರೆ ಜೌಗಲ್ಲಿ?"

ನೋಡುತ್ತಾರೆ. ಬೇಟೆಯ ಮೇಲೆ ಕಣ್ಣಿಡುವ ವಾರ್ಡನ್ ಸೊಂಟದ ಮಟ್ಟದ ನೀರಲ್ಲಿ ನಡೆದು ಬಂದು, ಕೋವಿ ಇಸಿದುಕೊಂಡು, ತೋಟೆ ತುರುಕಿ ಎಣಿಸುತ್ತಾರೆ. ಲೈಸೆನ್ಸ್ ಕೇಳುತ್ತಾರೆ, ನೀರುಹಕ್ಕಿ ಬೇಟೆಗೆ ಕೊಳ್ಳಲೇಬೇಕಾದ 25 ಡಾಲರಿನ ಡಕ್ ಸ್ಟ್ಯಾಂಪ್ ಕೇಳುತ್ತಾರೆ, ಜೇಬಿನಲ್ಲಿ ಸೀಸದ ತೋಟೆ ಏನಾದರೂ ಇದೆಯಾ ಅಂತ ನೋಡುತ್ತಾರೆ. ಆ ಸ್ಟ್ಯಾಂಪ್ 1934ರಲ್ಲಿ ಒಂದು ಡಾಲರಿಗೆ ಶುರುವಾದದ್ದು. ಆ ದುಡ್ಡಲ್ಲಿ ಹೆಚ್ಚುಕಡಿಮೆ ಪೂರ್ತಿ ಜೌಗು ಪ್ರದೇಶ ಕೊಂಡು ಉಳಿಸೋಕೇ ಹೋಗುತ್ತದೆ. ಕೋವಿ, ತೋಟೆಯ ಬೆಲೆಯಲ್ಲೂ 1937ರ ಕಾನೂನಿನಂತೆ ಶೇಕಡ 11 ತೆರಿಗೆ ಸೇರಿರುತ್ತದೆ, ಅದೂ ಕಾಡುಪ್ರಾಣಿಗಳ ಖಾತೆಗೆ. ಬಿಲ್ ಕಟ್ಟುವಾಗ ಇದನ್ನು ನೆನೆಸಿಕೊಂಡರೆ ಸಂಕಟ ಸ್ವಲ್ಪ ಕಡಿಮೆ.

ಗ್ಯಾಸು, ಇನರ್ಷಿಯಾ, ಇಂಚು, ಇದೆಲ್ಲದರ ಬಗ್ಗೆ ಓದಿ ಓದಿ ತಲೆ ತುಂಬಿಕೊಂಡು ಮುದುಕರ ಹತ್ತಿರ ಹೋದರೆ ಅವರು ಕೇಳಿದ್ದೇ ಬೇರೆ. "ನಿನ್ನ ಜಾಕೆಟ್ ಎಲ್ಲಿ?"

ಆಗ ಜುಲೈ. ನನಗೆ ಅರ್ಥವಾಗಲಿಲ್ಲ. ಅವರು ಒಳಗೆ ಹೋಗಿ ತಮ್ಮದೇ ಬಾತಿನ ಜಾಕೆಟ್ ತಂದು ನನಗೆ ತೊಡಿಸಿದರು. ಹತ್ತಿ ತುಂಬಿದ ರಜಾಯಿಯಷ್ಟು ದಪ್ಪ. ತಮ್ಮ ಖಾಲಿ ಕೋವಿಯ ಬೋಲ್ಟ್ ತೆರೆದು, ತಾವೂ ನೋಡಿ, ನನಗೂ ತೋರಿಸಿ, ಕೈಗೆ ಕೊಟ್ಟರು. "ಕಣ್ಣು ಮುಚ್ಚು. ಆ ಗೋಡೆಯ ಮೂಲೆಯಲ್ಲಿ ಬಾತು ಇದೆ ಅಂದುಕೊ. ಕೋವಿ ಎತ್ತು. ಈಗ ಕಣ್ಣು ಬಿಡು." ಕಣ್ಣು ಬಿಟ್ಟರೆ ನನಗೆ ನಳಿಗೆಯ ತುದಿಯ ಮಣಿ ಕಾಣಲೇ ಇಲ್ಲ, ಎದುರಿಗೆ ಕೋವಿಯ ಬಾಡಿಯ ಹಿಂಭಾಗ ಮಾತ್ರ. ಕೆನ್ನೆ ತೀರಾ ಕೆಳಗೆ ಕೂತಿತ್ತು. ಇನ್ನೊಮ್ಮೆ ಎತ್ತಿದಾಗ ಕೋವಿಯ ಹಿಂಬದಿಯ ರಬ್ಬರು ಜಾಕೆಟ್ಟಿನ ಕಂಕುಳಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿತು.

ಆಮೇಲೆ ಗೊತ್ತಾದದ್ದು ಇಷ್ಟು. ಶಾಟ್‌ಗನ್ನಿನಲ್ಲಿ ಸಾಮಾನ್ಯವಾಗಿ ಗುರಿ ಕಟ್ಟುವ ಹಿಂದಿನ ಸೈಟ್ ಇರುವುದಿಲ್ಲ, ನಮ್ಮ ಕಣ್ಣೇ ಹಿಂದಿನ ಸೈಟ್. ಕೆನ್ನೆ ಎಲ್ಲಿ ಕೂರುತ್ತದೋ ಚರೆ ಅಲ್ಲಿಗೆ ಹೋಗುತ್ತದೆ. ಟ್ರಿಗರಿನಿಂದ ರಬ್ಬರಿನ ತನಕದ ಉದ್ದ ಅಂಗಡಿ ಕೋವಿಗಳಲ್ಲಿ ಸಾಮಾನ್ಯವಾಗಿ 14 ಇಂಚಿನ ಮೇಲಿರುತ್ತದೆ, ಇಲ್ಲಿನ ಆರಡಿ ಆಳಿನ ಅಳತೆ. ನಾನು ಐದಡಿ ಐದಿಂಚು. ನವೆಂಬರಿನ ಜಾಕೆಟ್ ಹಾಕಿದರೆ ಆ ದಪ್ಪವೂ ಉದ್ದಕ್ಕೆ ಸೇರುತ್ತದೆ. ಟೀ ಶರ್ಟ್ ಹಾಕಿಕೊಂಡು ಅಂಗಡಿಯಲ್ಲಿ ಹೊಂದಿದ ಕೋವಿ ಜೌಗಿನಲ್ಲಿ ಹೊಂದುವುದಿಲ್ಲ. ಅಲ್ಲಿಂದ ನನ್ನ ಹುಡುಕಾಟದ ದಾರಿಯೇ ಬದಲಾಯಿತು. ಕಂಪನಿ, ಯಂತ್ರ ಎಲ್ಲ ಆಮೇಲೆ. ಜಾಕೆಟ್ ತೊಟ್ಟು, ಕಣ್ಣು ಮುಚ್ಚಿ ಎತ್ತಿದರೆ ಮಣಿ ಸರಿಯಾಗಿ ನಳಿಗೆಯ ಉದ್ದಕ್ಕಿರುವ ಪಟ್ಟಿಯ ಮೇಲೆ ಕೂತಿರಬೇಕು. ಅಷ್ಟೇ.

ಹಾಗಾಗಿ ಸುಡುವ ಬೇಸಿಗೆಯಲ್ಲಿ ದಪ್ಪ ಜಾಕೆಟ್ ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ತಿರುಗಿದೆ. ಯಾರೂ ನಗಲಿಲ್ಲ. ಒಂದು ಕಡೆ ಕೌಂಟರಿನ ಹುಡುಗ ಜಾಕೆಟ್ ನೋಡಿದವನೇ "ಬಾತಾ, ಹೆಬ್ಬಾತಾ?" ಅಂತ ಕೇಳಿದ. ಬೆನೆಲ್ಲಿ ಸೂಪರ್ ಬ್ಲ್ಯಾಕ್ ಈಗಲ್ 3 ಎತ್ತಿದರೆ ಕೈಗೇ ಹುಟ್ಟಿಬಂದ ಹಾಗಿತ್ತು, ಬೆಲೆ ಚೀಟಿ ನೋಡಿ ಮೆಲ್ಲಗೆ ಕೆಳಗಿಟ್ಟೆ, ಎರಡು ಸಾವಿರ ಡಾಲರಿನ ಆಸುಪಾಸು. ಬೆರೆಟ್ಟಾ ಎ400 ಎಕ್ಸ್‌ಟ್ರೀಮ್ ಪ್ಲಸ್ ಕೂಡ ಅದೇ ಮಟ್ಟ. ಫ್ರಾಂಕಿ ಅಫಿನಿಟಿ 3 ಅದರ ಅರ್ಧದಷ್ಟು, ತುಂಬ ಹಗುರ, ದಿನವಿಡೀ ಹೊತ್ತು ನಡೆಯೋಕೆ ಹೇಳಿಮಾಡಿಸಿದ್ದು. ಬೆರೆಟ್ಟಾ ಎ300 ಅಲ್ಟಿಮಾ ಕೂಡ ಸಾವಿರದ ಸುತ್ತ. ಟೆನೆಸ್ಸಿಯ ಗ್ಯಾಲಟಿನ್‌ನಲ್ಲಿ ತಯಾರಾಗುವ 3 ಇಂಚಿನ ಗ್ಯಾಸ್ ಕೋವಿ, ತೂಕ ಏಳೂವರೆ ಪೌಂಡ್ ಹತ್ತಿರ, ಅಂದರೆ ಮೂರೂಕಾಲು ಕೆಜಿ ಮೇಲೆ.

ಕೊನೆಗೆ ಉಳಿದದ್ದು ಅಫಿನಿಟಿ ಮತ್ತು ಎ300. ಎರಡನ್ನೂ ಕ್ಲೇ ಮೈದಾನದಲ್ಲಿ ಪರಿಚಯದವರಿಂದ ಇಸಿದುಕೊಂಡು ಹೊಡೆದೆ. ಅಫಿನಿಟಿ ಬೇಗ ಏಳುತ್ತದೆ, ಬೇಗ ನಿಲ್ಲುತ್ತದೆ. ಹಗುರ ಕೋವಿಯ ಗುಣವೇ ಅದು, ಬೀಸೋಕೆ ಶುರುಮಾಡುವುದು ಸುಲಭ, ಬೀಸುತ್ತಲೇ ಇರುವುದು ಕಷ್ಟ. ಎ300 ಭಾರ ಇದ್ದರೂ ಒಮ್ಮೆ ಹೊರಟರೆ ತಾನಾಗಿಯೇ ಹಕ್ಕಿಯ ಹಿಂದೆ ಓಡುತ್ತದೆ. ಟರ್ಕಿಯ ತೋಟೆ ಹಾಕಿದಾಗ ವ್ಯತ್ಯಾಸ ಎದ್ದು ಕಂಡಿತು. ಹಗುರದ್ದು ನನ್ನ ಹಲ್ಲು ಕಟಕಟ ಅನ್ನಿಸಿತು, ಗ್ಯಾಸಿನದು ಭುಜ ತಳ್ಳಿ ಸುಮ್ಮನಾಯಿತು. ಸ್ಟಾಕ್ (ಭುಜಕ್ಕೆ, ಕೆನ್ನೆಗೆ ಕೊಡುವ ಹಿಂಬದಿ) ಮತ್ತು ಬಾಡಿಯ ನಡುವೆ ಹಾಕುವ ಶಿಮ್ ಬಿಲ್ಲೆಗಳು ಎರಡರ ಜೊತೆಗೂ ಬರುತ್ತವೆ, ಸ್ಟಾಕ್ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒಂಚೂರು ವಾಲಿಸಬಹುದು. ಎ300 ನನಗೆ ಬಿಲ್ಲೆ ಬದಲಿಸುವ ಮೊದಲೇ ಹತ್ತಿರ ಹತ್ತಿರ ಹೊಂದಿತ್ತು. ಉಜ್ಜುವ ಕೆಲಸಕ್ಕೆ ನಾನು ಹೆದರುವವನಲ್ಲ. ಅದನ್ನೇ ತೆಗೆದುಕೊಂಡೆ, ನಳಿಗೆ 26 ಇಂಚಿನದು. ಬಾತಿನವರು 28 ಬೇಕೇ ಬೇಕು ಅನ್ನುತ್ತಾರೆ, ಟರ್ಕಿಯವರು 24 ಸಾಕು ಅನ್ನುತ್ತಾರೆ. ಸೆಮಿ ಆಟೊದಲ್ಲಿ ನಳಿಗೆಯ ಹಿಂದೆ ಬಾಡಿಯ ಉದ್ದವೂ ಸೇರುವುದರಿಂದ 26 ಇಂಚೇ ಸಾಕಷ್ಟು ಉದ್ದ ಅನ್ನಿಸಿತು. ಬಣ್ಣ ಕಪ್ಪು. ಎಲೆ ಚಿತ್ರದ ಕ್ಯಾಮೊಗೆ ಜಾಸ್ತಿ ದುಡ್ಡು ಕೊಡುವ ಬದಲು ಏಪ್ರಿಲ್‌ನಲ್ಲಿ ಬಟ್ಟೆಯ ಟೇಪು ಸುತ್ತಿದರಾಯಿತು.

ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು. ಹೆಸರು, ವಿಳಾಸ, ಶಿಕ್ಷೆ ಆಗಿದೆಯಾ, ಮಾದಕ ವಸ್ತು ಸೇವಿಸುತ್ತೀರಾ, ಬೇರೆಯವರಿಗಾಗಿ ಕೊಳ್ಳುತ್ತಿದ್ದೀರಾ, ಹೀಗೆ. ಪೌರರಲ್ಲದವರು ಗ್ರೀನ್ ಕಾರ್ಡಿನ ನಂಬರನ್ನೂ ಬರೆಯಬೇಕು. ಗುರುತಿನ ಚೀಟಿಯಲ್ಲಿ ಈಗಿನ ವಿಳಾಸವೇ ಇರಬೇಕು. ಮನೆ ಬದಲಿಸಿ ಲೈಸೆನ್ಸ್ ಬದಲಿಸದ ಸ್ನೇಹಿತರು ಇಲ್ಲೇ ಸಿಕ್ಕಿಬೀಳುವುದು. ಅಂಗಡಿಯವರು ಹಿನ್ನೆಲೆ ಪರಿಶೀಲನೆಗೆ ವಿವರ ಕಳಿಸುತ್ತಾರೆ, ಸರಿ ಇದೆ, ತಡ ಇದೆ, ಇಲ್ಲ, ಮೂರರಲ್ಲೊಂದು ಉತ್ತರ ಬರುತ್ತದೆ. ನನಗೆ ತಡ ಅಂತ ಬಂತು. ತಡ ಅಂದರೆ ನಿರಾಕರಣೆ ಅಲ್ಲ, ಕಾಯಬೇಕು ಅಷ್ಟೇ. ಆ ವಾರದೊಳಗೇ ಅಂಗಡಿಯಿಂದ ಫೋನ್ ಬಂತು. ಕೋವಿ ಮನೆಗೆ ಬರುವ ಮುಂಚೆ ಬೀರು ಬಂದು ಗೋಡೆಗೆ ಬೋಲ್ಟ್ ಆಗಿತ್ತು. ಮಗಳಿಗೆ ಅದರ ನಂಬರ್ ಗೊತ್ತಿಲ್ಲ, ತೋಟೆ ಬೇರೆ ಕಡೆ ಬೀಗದಲ್ಲಿ.

ಕೊಂಡ ಮೇಲೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಅಸಲಿ ಕೆಲಸ ಹಾಳೆಗೆ ಹೊಡೆದು ನೋಡುವುದು. ದೊಡ್ಡ ಬಿಳಿ ಹಾಳೆ ಕಟ್ಟಿ, 40 ಗಜ ದೂರದಿಂದ ಹೊಡೆದು, ಚರೆ ಹೇಗೆ ಹರಡಿದೆ ಅಂತ ಎಣಿಸಬೇಕು. ಬಾತಿಗೆ 30 ಇಂಚಿನ ವೃತ್ತ, ಟರ್ಕಿಗೆ 10 ಇಂಚಿನದು. ಚೋಕ್ ಅನ್ನೋದು ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಕೊಳವೆ, ಚರೆಯನ್ನು ಎಷ್ಟು ಕಟ್ಟಿ ಕಳಿಸಬೇಕು ಅಂತ ತೀರ್ಮಾನಿಸುವುದು ಅದು. ಉಕ್ಕಿನ ಚರೆ ಸೀಸದ ಹಾಗೆ ಮೆತ್ತಗಲ್ಲ, ಅದುಮಿಕೊಳ್ಳುವುದಿಲ್ಲ. ಅದಕ್ಕೆ ಸಡಿಲ ಚೋಕಿನಲ್ಲೇ ಬಿಗಿಯಾಗಿ ಹೋಗುತ್ತದೆ. ನನ್ನ ಕೋವಿಯಲ್ಲಿ ಇಂಪ್ರೂವ್ಡ್ ಸಿಲಿಂಡರ್ ಅನ್ನುವ ಸಡಿಲ ಚೋಕ್ ಹಾಕಿ 2 ನಂಬರ್ ಉಕ್ಕು ಹೊಡೆದರೆ ಹಾಳೆ ಚೆಂದ ತುಂಬಿತು. ಅದಕ್ಕಿಂತ ಬಿಗಿಯಾದ ಮಾಡಿಫೈಡ್ ಹಾಕಿದರೆ ನಡುವೆ ಕಿಕ್ಕಿರಿದು ಅಂಚು ಖಾಲಿ.

ಅದಕ್ಕಿಂತ ಮುಖ್ಯ ಇನ್ನೊಂದು ಕಂಡಿತು. ಮೊಣಕಾಲ ಮೇಲೆ ಇಟ್ಟು, ಟರ್ಕಿಗೆ ಕೂತ ಹಾಗೆ ಕೂತು ಹೊಡೆದಾಗ ಚರೆಯ ಗುಂಪು ಕರಿ ಚುಕ್ಕಿಗಿಂತ ಒಂದು ಗೇಣು ಮೇಲೆ. ಎದ್ದು ನಿಂತು ಹೊಡೆದರೆ ಸರಿ ಇದೆ. ಮುದುಕರು ಪಕ್ಕದಲ್ಲಿ ಕೂತು ನನ್ನ ಮುಖ ನೋಡಿದರು, ಹಾಳೆ ನೋಡಲಿಲ್ಲ. "ತಲೆ ಎತ್ತುತ್ತಿದ್ದೀಯ" ಅಂದರು. ಕೂತಾಗ ಗುರಿ ಚೆನ್ನಾಗಿ ಕಾಣಲಿ ಅಂತ ಕೆನ್ನೆ ಸ್ಟಾಕಿನಿಂದ ಒಂಚೂರು ಏಳುತ್ತಿತ್ತು. ಕಣ್ಣು ಮೇಲೆ ಹೋದರೆ ಚರೆಯೂ ಮೇಲೆ. ಸ್ಟಾಕ್ ಸ್ವಲ್ಪ ಏರುವ ಬಿಲ್ಲೆಗೆ ಬದಲಿಸಿದೆ. ಈಗ ಕೆನ್ನೆ ಒತ್ತಿ ಕೂತರೂ ಪಟ್ಟಿ ಸಾಕಷ್ಟು ಕಾಣುತ್ತದೆ, ತಲೆ ಎತ್ತಬೇಕು ಅನ್ನಿಸುವುದಿಲ್ಲ. ಬಾತಿಗೂ ಆ ಬಿಲ್ಲೆಯೇ ನಡೆಯುತ್ತಿದೆ.

ಟರ್ಕಿಗೆ ಅಂತ ಬಿಗಿ ಚೋಕ್ ಒಂದು ಬೇರೆ ಕೊಂಡೆ. ತೋಟೆ ಟಂಗ್‌ಸ್ಟನ್ನಿನದು, 9 ನಂಬರ್. ಸಾಂದ್ರತೆ 18ರ ಹತ್ತಿರ, ಅಂದರೆ ಸಾಸಿವೆಯಷ್ಟು ಸಣ್ಣಗೆ ಕಾಣುವ ಚರೆಯಲ್ಲೂ ಜೋರಿದೆ. ಒಂದು ಔನ್ಸಿಗೆ 2 ನಂಬರ್ ಉಕ್ಕು ಸುಮಾರು 125 ಬಂದರೆ ಇದು ಸುಮಾರು 360 ಬರುತ್ತದೆ. 40 ಗಜದಲ್ಲಿ 10 ಇಂಚಿನ ವೃತ್ತದೊಳಗೆ ನೂರು ಚರೆ ಬಿದ್ದರೆ ಸಾಕು ಅಂತ ಇಲ್ಲಿನ ಲೆಕ್ಕ, ಇದರಲ್ಲಿ ಎಣಿಸೋಕೆ ಬೇಜಾರಾಗುವಷ್ಟು ಬಿದ್ದವು. ಬೆಲೆ? ಒಂದು ತೋಟೆಗೆ ಹತ್ತು ಡಾಲರಿನ ಆಸುಪಾಸು. ಅಪ್ಪನಿಗೆ ಹೇಳಲಿಲ್ಲ.

ಬಾತಿನ ಸೀಸನ್ ಹೇಗೋ ಶುರುವಾಯಿತು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಹೊಡೆಯಬಹುದು, ದಿನಕ್ಕೆ ಆರು ಬಾತು, ಅದರಲ್ಲಿ ಮ್ಯಾಲಾರ್ಡ್ ಜಾತಿಯ ಬಾತು ನಾಲ್ಕಕ್ಕಿಂತ ಜಾಸ್ತಿ ಇರಬಾರದು, ಆ ನಾಲ್ಕರಲ್ಲೂ ಹೆಣ್ಣು ಎರಡೇ. ಅರೆಗತ್ತಲಲ್ಲಿ ಹಾರುವ ಹಕ್ಕಿ ಗಂಡೋ ಹೆಣ್ಣೋ ನೋಡಿಕೊಂಡು ಹೊಡೆಯಬೇಕು. ಆರು ಅನ್ನುವ ಲೆಕ್ಕದ ಹತ್ತಿರಕ್ಕೂ ನಾನು ಹೋಗಲಿಲ್ಲ, ಆ ಮಾತು ಬೇರೆ. ಕೋವಿ ಮಾತ್ರ ಕೈಕೊಡಲಿಲ್ಲ. ನವೆಂಬರಿನಲ್ಲಿ ನೀರಿನ ಅಂಚು ಹೆಪ್ಪುಗಟ್ಟುವಾಗ ದಪ್ಪ ಎಣ್ಣೆ ಹಾಕಿದ ಸೆಮಿ ಆಟೊಗಳು ನಿಧಾನವಾಗುತ್ತವೆ, ಎಣ್ಣೆ ಅಂಟಾಗಿ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಒರೆಸಿ, ಒರೆಸಿದ್ದೂ ಕಾಣದಷ್ಟು ತೆಳ್ಳಗೆ ಹಚ್ಚಬೇಕು. ಮನೆಗೆ ಬಂದಮೇಲೆ ಪಿಸ್ಟನ್ ಬಿಚ್ಚಿ ಮಸಿ ತೆಗೆಯೋಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು. ಇನರ್ಷಿಯಾ ಪಂಗಡದವರು ಹೆದರಿಸುವಷ್ಟೇನೂ ಇಲ್ಲ. ಬಾತಿನ ಎದೆ ಮಾಂಸ ಮಟನ್ನಿನಷ್ಟೇ ಕೆಂಪು. ಬ್ಯಾಡಗಿ ಮೆಣಸು, ಕಾಳುಮೆಣಸು, ಕೊನೆಗೆ ಒಂಚೂರು ಕಾಚಂಪುಳಿ ಹಾಕಿ ಹುರಿದರೆ ಹೆಂಡತಿಯೂ ಬೇಡ ಅನ್ನುವುದಿಲ್ಲ. ಕಚ್ಚುವಾಗ ಮಾತ್ರ ಹುಷಾರು, ಉಕ್ಕಿನ ಚರೆ ಹಲ್ಲಿಗೆ ಸಿಕ್ಕರೆ ದಂತವೈದ್ಯರ ಬಿಲ್ಲು ಕೋವಿಯ ಬಿಲ್ಲಿಗೆ ಸಮ.

ಟರ್ಕಿ ವಸಂತದಲ್ಲಿ. ಒಂದು ಕಾಲಕ್ಕೆ ವಿಸ್ಕಾನ್ಸಿನ್‌ನಲ್ಲಿ ಕಾಡು ಟರ್ಕಿ ಪೂರ್ತಿ ನಿರ್ನಾಮವಾಗಿತ್ತು. 1976ರಲ್ಲಿ ಮಿಸೌರಿಯಿಂದ ಹಿಡಿದು ತಂದು ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ಇವರು ಮಿಸೌರಿಗೆ ರಫ್ಡ್ ಗ್ರೌಸ್ ಹಕ್ಕಿಗಳನ್ನು ಕೊಟ್ಟರು. 1983ರಲ್ಲಿ ಮತ್ತೆ ಬೇಟೆ ತೆರೆಯುವಷ್ಟು ಬೆಳೆದವು. ಈಗ ರಸ್ತೆಬದಿಯ ಜೋಳದ ಹೊಲದಲ್ಲೂ ಕಾಣುತ್ತವೆ. ಸೀಸನ್ ಬಂದಾಗ ಮಾತ್ರ ಎಲ್ಲಿ ಹೋಗುತ್ತವೋ. ಟರ್ಕಿಗೆ ಹೋಗುವಾಗ ಮೈಮೇಲೆ ಕೆಂಪು, ಬಿಳಿ, ನೀಲಿ ಯಾವುದೂ ಕಾಣಬಾರದು ಅಂತ ತರಗತಿಯಲ್ಲಿ ಒತ್ತಿ ಹೇಳಿದ್ದರು. ಹುಂಜದ ತಲೆಯ ಬಣ್ಣಗಳೇ ಅವು. ಪೊದೆಯಲ್ಲಿ ಕೂತವನ ಕರವಸ್ತ್ರ ಇನ್ನೊಬ್ಬ ಬೇಟೆಗಾರನಿಗೆ ಟರ್ಕಿಯ ತಲೆಯಾಗಿ ಕಾಣಬಹುದು.

ಬೆಳಕು ಹರಿಯುವ ಮೊದಲೇ ಕೂತಿದ್ದೆವು. ಮುದುಕರು ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೇಂಟೆಯ ದನಿ ತೆಗೆಯುತ್ತಿದ್ದರು. ಹುಂಜ ಕೂಗಿತು, ಸುಮ್ಮನಾಯಿತು, ಇನ್ನು ಬರಲ್ಲ ಅಂದುಕೊಳ್ಳುವಾಗ ಓಕ್ ಮರಗಳ ನಡುವೆ ತಲೆ ಕಂಡಿತು. ಆಗಲೇ 26 ಇಂಚಿನ ಬೆಲೆ ಗೊತ್ತಾದದ್ದು. ನಳಿಗೆಯನ್ನು ಒಂದು ಗೇಣು ಬಲಕ್ಕೆ ಸರಿಸಬೇಕಿತ್ತು, ಎದುರಿಗೆ ಒಂದು ಸಣ್ಣ ಗಿಡ. ಹುಂಜ ಮರದ ಹಿಂದೆ ಹೋದಾಗ ಸರಿಸಿದೆ, ಗಿಡಕ್ಕೆ ತಾಗಲಿಲ್ಲ. ಕೆನ್ನೆ ಒತ್ತಿದೆ. ಮೂವತ್ತು ಗಜದೊಳಗೆ ಬಂದು ಕತ್ತು ಚಾಚಿ ನಿಂತಿತು. ಒದೆತ ನನಗೆ ನೆನಪೇ ಇಲ್ಲ.

ಈಗ ತೋಟೆ ಬೀಗ ಹಾಕಿಡುವ ಕಡೆ ಎರಡು ಡಬ್ಬಿ ಇವೆ. ಒಂದರಲ್ಲಿ ಬಾತಿನ ಚೋಕು, ಉಕ್ಕಿನ ತೋಟೆ. ಇನ್ನೊಂದರಲ್ಲಿ ಟರ್ಕಿ ಚೋಕು, ಟಂಗ್‌ಸ್ಟನ್. ಟರ್ಕಿ ಚೋಕಿನಲ್ಲಿ ಉಕ್ಕು ಹೊಡೆದರೆ ಚೋಕು, ನಳಿಗೆ ಎರಡೂ ಹಾಳಾಗಬಹುದು. ಅದಕ್ಕೆ ಎರಡೂ ಡಬ್ಬಿ ಒಟ್ಟಿಗೆ ತೆರೆಯುವುದಿಲ್ಲ. ಟರ್ಕಿಗೆ ಕೆಂಪು ಚುಕ್ಕಿಯ ಸೈಟ್ ಹಾಕಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದಕ್ಕೆ ಬೇಕಾದ ತೂತುಗಳು ಕೋವಿಯ ಮೇಲೆ ಆಗಲೇ ಇವೆ. ಆದರೆ ಹಾಕಿದರೆ ಅಕ್ಟೋಬರಿಗೆ ಬಿಚ್ಚಬೇಕು, ಬಿಚ್ಚಿದರೆ ಏಪ್ರಿಲ್‌ನಲ್ಲಿ ಮತ್ತೆ ಹಾಳೆ ಕಟ್ಟಿ ಸರಿಮಾಡಬೇಕು, ಸರಿಮಾಡೋಕೆ ಮತ್ತೆ ಹತ್ತು ಡಾಲರಿನ ತೋಟೆಗಳು. ಇನ್ನೂ ಯೋಚನೆ ಮಾಡುತ್ತಿದ್ದೇನೆ.